ದಡದಿಂದ ಫ್ಲಾಟ್‌ಹೆಡ್ ಹಿಡಿಯುವುದು ಹೇಗೆ? ಬಲ್ಲವರು ಹೇಳಿ

ಕೇಳಿದವರು, ಉಡುಪಿ

ಪಡುಕೆರೆಯಲ್ಲಿ ಸಿಗಡಿ ಚೂರು ಸಿಕ್ಕಿಸಿ ಕಾಣೆ ಮೀನಿಗೆ ಗಾಳ ಹಾಕುವುದು ನನ್ನ ರೂಢಿ. ಈಚೆಗೆ ಕಾಣೆಯ ಬದಲು ಚಪ್ಪಟೆ ತಲೆಯ, ಮರಳಿನ ಬಣ್ಣದ ಮೀನೊಂದು ಬಂತು. ಬಾಲದಲ್ಲಿ ಕಪ್ಪು ಬಿಳಿ ಪಟ್ಟೆ, ನಡುವೆ ಹಳದಿ ಮಚ್ಚೆ. ಫ್ಲಾಟ್‌ಹೆಡ್ ಎಂದು ಗೆಳೆಯರು ಗುರುತಿಸಿದರು. ತಿಂದ ಮೇಲೆ ಮನೆಯವರಿಗೆ ಅದೇ ಬೇಕಾಗಿದೆ. ನನ್ನ ಬಳಿ ದೋಣಿ ಇಲ್ಲ. ದಡದಿಂದಲೇ ಹಿಡಿಯುವವರು ಯಾರಾದರೂ ಇದ್ದರೆ ಜಾಗ, ಹೊತ್ತು, ಗಾಳಕ್ಕೆ ಸಿಕ್ಕಿಸುವ ಇರೆ ಎಲ್ಲವನ್ನೂ ತಿಳಿಸಿ.

ಕೋಡಿಬೆಂಗ್ರೆ ಕಡೆಯಿಂದ

ನೀವು ಕಾಣೆ ಹಿಡಿಯುವ ಜಾಗದಲ್ಲೇ ಅದು ಸಿಕ್ಕಿದ್ದು ಆಕಸ್ಮಿಕವಲ್ಲ ಮಾರಾಯರೇ. ಅದು ಅಲ್ಲಿಗೆ ಬರುವುದೇ ಸಣ್ಣ ಕಾಣೆ, ಸಿಗಡಿ, ಏಡಿ ತಿನ್ನಲು. ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವ ಮೀನಲ್ಲ. ಮರಳಿನಲ್ಲಿ ಮೈ ಹುದುಗಿಸಿ, ಕಣ್ಣಷ್ಟೇ ಹೊರಗಿಟ್ಟು, ಸೆಳೆತಕ್ಕೆ ಮುಖ ಮಾಡಿ ಮಲಗಿರುತ್ತದೆ. ಬಾಯಿಯ ಮುಂದೆ ಏನಾದರೂ ಹಾದುಹೋದರೆ ಮಾತ್ರ ಎಗರುತ್ತದೆ. ಹಾಗಾಗಿ ಒಂದೇ ಕಡೆ ರಾಡ್ ನೆಟ್ಟು ಕುರ್ಚಿ ಹಾಕಿ ಕುಳಿತರೆ ಪ್ರಯೋಜನವಿಲ್ಲ. ಮೀನು ನಿಮ್ಮ ಬಳಿಗೆ ಬರುವುದಿಲ್ಲ, ನೀವೇ ಅದರ ಬಳಿಗೆ ನಡೆಯಬೇಕು.

ಮೊದಲು ಗಾಳವನ್ನು ಮನೆಯಲ್ಲೇ ಬಿಟ್ಟು ಇಳಿತದ ಹೊತ್ತಿಗೆ ಹೊಳೆ ಕಡಲು ಸೇರುವ ಅಳಿವೆಯ ಕಡೆ ಹೋಗಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಚೆನ್ನಾಗಿ ಇಳಿಯುತ್ತದೆ; ಅಷ್ಟಮಿಯ ದಿನಗಳಲ್ಲಿ ಹೋದರೆ ಹೆಚ್ಚೇನೂ ಕಾಣದು. ಸೀತಾ, ಸುವರ್ಣಾ ಎರಡೂ ಸೇರುವ ನಮ್ಮ ಅಳಿವೆಯಲ್ಲಿ ಆಗ ಮರಳ ದಿಬ್ಬಗಳು ತೆರೆದುಕೊಳ್ಳುತ್ತವೆ. ನೀರಿನ ಅಂಚಿನಲ್ಲಿ ಬಗ್ಗಿ ನೋಡಿದರೆ ಕೆಲವು ಕಡೆ ಮೀನು ಮಲಗಿದ್ದ ಅಚ್ಚು ಹಾಗೆಯೇ ಇರುತ್ತದೆ: ಮುಂದೆ ಅಗಲವಾದ ತ್ರಿಕೋನ, ಹಿಂದೆ ಸಪೂರವಾಗುತ್ತ ಹೋಗುವ ಗೆರೆ. ತ್ರಿಕೋನದ ತುದಿ ಯಾವ ಕಡೆಗಿದೆ ಎಂದು ನೋಡಿ. ನೀರು ಎತ್ತಲಿಂದ ಹರಿದುಬರುತ್ತಿತ್ತು, ಮೀನು ಎತ್ತ ನೋಡುತ್ತಿತ್ತು ಎರಡೂ ತಿಳಿಯುತ್ತದೆ. ಅಂಥ ಅಚ್ಚುಗಳು ಹೆಚ್ಚಿರುವ ಕಡೆ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ದಿಬ್ಬ ಮುಗಿದು ಆಳ ಶುರುವಾಗುವ ಅಂಚು, ದಿಬ್ಬದ ಮೇಲಿನ ನೀರು ಸಣ್ಣ ತೋಡಾಗಿ ಹೊಳೆಗೆ ಇಳಿಯುವ ಬಾಯಿ, ಇವೆರಡೂ ಅದರ ಮೆಚ್ಚಿನ ತಾಣಗಳು. ಇಳಿತದಲ್ಲಿ ಮರಿಮೀನುಗಳು ಆ ತೋಡಿನ ಮೂಲಕವೇ ಇಳಿಯಬೇಕು, ಬೇರೆ ದಾರಿ ಇಲ್ಲ.

ಹೊತ್ತು ಎಂದರೆ ಇಳಿತದ ಕೊನೆಯ ಎರಡು ಗಂಟೆ ಮತ್ತು ಉಬ್ಬರದ ಮೊದಲ ಗಂಟೆ. ಅದು ಬೆಳಗಿನ ಜಾವಕ್ಕೋ ಸಂಜೆಗೋ ಕೂಡಿಬಂದರೆ ಇನ್ನೂ ಒಳ್ಳೆಯದು. ನೀರಿನ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಆದ್ದರಿಂದ ಇವತ್ತಿನ ಲೆಕ್ಕ ಮುಂದಿನ ಭಾನುವಾರಕ್ಕೆ ನಡೆಯುವುದಿಲ್ಲ.

ನಾನು ಬಳಸುವುದು 3ರಿಂದ 4 ಇಂಚಿನ ಮೆತ್ತನೆಯ ಪ್ಲಾಸ್ಟಿಕ್ ಮರಿಮೀನು, 7ರಿಂದ 14 ಗ್ರಾಂ ಜಿಗ್ ಹೆಡ್, ಅಂದರೆ ತಲೆಗೆ ಭಾರ ಕೂಡಿಸಿದ ಗಾಳ. ತಳ ಮುಟ್ಟುವಷ್ಟು ಭಾರ ಸಾಕು. ಸೆಳೆತ ಹರಿದುಬರುವ ಕಡೆಗೆ ಎಸೆದು, ತಳಕ್ಕೆ ಬಿಟ್ಟು, ರಾಡಿನ ತುದಿಯನ್ನು ಎರಡು ಸಲ ಚುರುಕಾಗಿ ಎತ್ತಿ ಮತ್ತೆ ಬೀಳಲು ಬಿಡಿ. ಮರಳಿಗೆ ಬಿದ್ದಾಗ ಸಣ್ಣಗೆ ಧೂಳೇಳಬೇಕು. ಬೀಳುವಾಗ ದಾರ ಸಡಿಲ ಬಿಡಬೇಡಿ. ಇದು ಕಚ್ಚುವುದೇ ಇರೆ ಕೆಳಗಿಳಿಯುವಾಗ. ಟಕ್ ಎಂದು ಬೆರಳಿಗೆ ತಾಗುತ್ತದೆ, ಅಷ್ಟೇ. ಒಂದು ಜಾಗದಿಂದ ಬೀಸಣಿಗೆ ಬಿಡಿಸಿದ ಹಾಗೆ ಎಡದಿಂದ ಬಲಕ್ಕೆ ಐದಾರು ಸಲ ಎಸೆದು, ಏನೂ ಇಲ್ಲವೆಂದಾದರೆ ಹತ್ತು ಹೆಜ್ಜೆ ಮುಂದೆ ಹೋಗಿ. ಒಂದು ಸಿಕ್ಕಿದರೆ ಮಾತ್ರ ಅಲ್ಲೇ ನಿಲ್ಲಿ, ಸುತ್ತ ಇನ್ನೂ ಇರುವುದುಂಟು.

ಸಸಿಹಿತ್ಲಿನಿಂದ

ಜಾಗ, ಹೊತ್ತಿನ ಮಾತು ಒಪ್ಪಿದೆ. ಪ್ಲಾಸ್ಟಿಕ್ ಒಪ್ಪುವುದಿಲ್ಲ. ನಂದಿನಿ, ಶಾಂಭವಿ ಕೂಡುವ ಇಲ್ಲಿ ನೀರು ಸ್ವಲ್ಪ ಕದಡಿದರೂ ಅದು ಪ್ಲಾಸ್ಟಿಕ್ಕಿನ ಕಡೆ ತಿರುಗಿಯೂ ನೋಡದು. ಆಗ ಜೀವಂತ ಸಿಗಡಿ ಅಥವಾ ಬೆರಳುದ್ದದ ಮರಿಮೀನು ಬೇಕು. ಅದೂ ಇಲ್ಲವಾದರೆ ಬೂತಾಯಿ ಮೀನನ್ನು ಉದ್ದಕ್ಕೆ ಸೀಳಿ ಒಂದು ಬದಿಯ ಪಟ್ಟಿ ಸಿಕ್ಕಿಸಿ. ಮಂಜುಗಡ್ಡೆಯಲ್ಲಿ ಮೆತ್ತಗಾದದ್ದು ಎಸೆಯುವಾಗಲೇ ಗಾಳದಿಂದ ಜಾರಿ ಹೋಗುತ್ತದೆ, ತಾಜಾ ತೆಗೆದುಕೊಳ್ಳಿ.

ನಡುವೆ ತೂತಿರುವ ಸೀಸ ದಾರದಲ್ಲಿ ಸಲೀಸಾಗಿ ಜಾರುವಂತಿರಲಿ. ಅದು ನಿಲ್ಲಲು ಕೆಳಗೊಂದು ಸ್ವಿವೆಲ್ (ತಿರುಗುವ ಸಣ್ಣ ಕೊಂಡಿ), ಅಲ್ಲಿಂದ ಗಾಳಕ್ಕೆ ಎರಡು ಮೂರು ಅಡಿ ದಪ್ಪ ದಾರ, 20 ಪೌಂಡ್ ಭಾರ ತಾಳುವಂಥದ್ದು. ಬಾಯಿಯ ಹಲ್ಲು ಅರದಂತೆ ಒರಟು, ತೆಳ್ಳಗಿನ ದಾರ ಉಜ್ಜಿ ತುಂಡಾಗುತ್ತದೆ. ಎಸೆದ ಮೇಲೆ ಸುಮ್ಮನಿರಬೇಡಿ, ನಿಮಿಷಕ್ಕೊಮ್ಮೆ ಒಂದೆರಡು ಸುತ್ತು ಎಳೆದು ಸೀಸವನ್ನು ಮರಳಿನ ಮೇಲೆ ಎಳೆದಾಡಿಸಿ. ಕಚ್ಚಿದ ತಕ್ಷಣ ಜಗ್ಗುವ ಆತುರವೂ ಬೇಡ. ಭಾರ ತೂಗಿದ ಮೇಲೆ ರಾಡ್ ಎತ್ತಿ.

ಕೋಡಿಬೆಂಗ್ರೆ ಕಡೆಯಿಂದ

ಕದಡಿದ ನೀರಿಗೆ ಜೀವಂತ ಇರೆಯೇ ಸರಿ, ವಾದವಿಲ್ಲ. ತಿಳಿನೀರಿನಲ್ಲಿ ಮಾತ್ರ ನನ್ನ ಪ್ಲಾಸ್ಟಿಕ್ ಒಂದು ಗಂಟೆಯಲ್ಲಿ ಹುಡುಕುವಷ್ಟು ಜಾಗವನ್ನು ನಿಮ್ಮ ಸಿಗಡಿ ಅರ್ಧ ದಿನದಲ್ಲೂ ಹುಡುಕಲಾರದು.

ತಣ್ಣೀರುಬಾವಿಯಿಂದ

ಹಿಡಿಯುವುದನ್ನು ಎಲ್ಲರೂ ಹೇಳಿದರು, ಬಿಡಿಸುವುದನ್ನು ಯಾರೂ ಹೇಳಲಿಲ್ಲ. ಕೆನ್ನೆಯ ಎರಡೂ ಬದಿ ಸೂಜಿಯಂಥ ಮುಳ್ಳುಗಳಿವೆ. ಹಿಡಿದಾಗ ತಲೆಯನ್ನು ಪಟಪಟ ಕೊಡವುತ್ತದೆ, ಆ ಕೊಡವಿಗೆ ಅಂಗೈ ಸೀಳಿಹೋಗುತ್ತದೆ. ಒದ್ದೆ ಬೈರಾಸಿನಿಂದ (ಟವೆಲ್) ಕಿವಿರಿನ ಹಿಂದೆ, ಹೊಟ್ಟೆಯ ಕಡೆಯಿಂದ ಒತ್ತಿ ಹಿಡಿದು ಇಕ್ಕಳದಲ್ಲಿ ಗಾಳ ತೆಗೆಯಿರಿ.

ಇನ್ನೊಂದು. ದಡದ ಹತ್ತಿರ ಬಂದಾಗ ರಾಡ್ ಎತ್ತಿ ತಲೆಯನ್ನು ನೀರಿನ ಮೇಲೆ ತರಬೇಡಿ, ಹೆಚ್ಚಿನವು ತಪ್ಪಿಸಿಕೊಳ್ಳುವುದು ಅಲ್ಲೇ. ರಾಡನ್ನು ಅಡ್ಡಕ್ಕೆ ತಗ್ಗಿಸಿ, ಬರುವ ತೆರೆಯ ಜೊತೆಗೇ ಮರಳಿನ ಮೇಲಕ್ಕೆ ಜಾರಿಸಿಕೊಂಡು ಹಿಂದೆ ಸರಿಯಿರಿ.

ನೀರಿಗಿಳಿಯುವವರು ಕಾಲೆತ್ತಿ ಇಡಬಾರದು, ಮರಳಿನಲ್ಲಿ ಉಜ್ಜುತ್ತ ನಡೆಯಬೇಕು. ಅದೇ ಮರಳಿನಲ್ಲಿ ಬಾಲದಲ್ಲಿ ವಿಷಮುಳ್ಳಿರುವ ತೊರಕೆ ಮೀನೂ ಮಲಗಿರುತ್ತದೆ. ಕಾಲು ತಾಗಿದರೆ ಅದು ಜಾಗ ಬಿಟ್ಟು ಓಡುತ್ತದೆ, ಮೇಲೆ ತುಳಿದರೆ ಬಾಲದ ಮುಳ್ಳು ಹೊಡೆಯುತ್ತದೆ. ಹೊಡೆದರೆ ಸಹಿಸಬಹುದಾದಷ್ಟು ಬಿಸಿಯಾದ ನೀರಿನಲ್ಲಿ ಕಾಲಿಟ್ಟರೆ ಉರಿ ತಗ್ಗುತ್ತದೆ, ಆದರೂ ಆಸ್ಪತ್ರೆಗೆ ಹೋಗಲೇಬೇಕು.

ಕೇಳಿದವರು, ಉಡುಪಿ

ಎಲ್ಲರಿಗೂ ಧನ್ಯವಾದ. ಅಳಿವೆಗೆ ಹೋಗಲಾಗದ ದಿನ ಪಡುಕೆರೆಯ ಕಡಲ ಬದಿಯಲ್ಲೇ ಪ್ರಯತ್ನಿಸಬಹುದೇ? ಮಳೆಗಾಲದಲ್ಲಿ?

ತಣ್ಣೀರುಬಾವಿಯಿಂದ

ಬಹುದು. ತೆರೆ ಒಡೆಯುವ ದಿಬ್ಬಕ್ಕೂ ದಡಕ್ಕೂ ನಡುವೆ ನೀರು ಸ್ವಲ್ಪ ಕಪ್ಪಾಗಿ, ತೆರೆ ಒಡೆಯದೆ ಸಾಗುವ ಒಂದು ಓಣಿ ಇರುತ್ತದೆ. ಎಸೆತ ಅದರೊಳಗೆ ಬೀಳಲಿ, ದೂರ ಎಸೆದಷ್ಟೂ ಲಾಭ ಎಂಬುದು ಇಲ್ಲಿ ಸುಳ್ಳು. ಮಳೆಗಾಲದಲ್ಲಿ ಬೇಡ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಗಾಳದವರನ್ನು ಯಾರೂ ತಡೆಯದಿದ್ದರೂ ಆ ಕಡಲಿನ ಮುಂದೆ, ಪಾಚಿ ಕಟ್ಟಿದ ತಡೆಗೋಡೆಯ ಕಲ್ಲಿನ ಮೇಲೆ ನಿಲ್ಲುವುದು ಹುಚ್ಚುತನ. ಹೊಳೆಯಲ್ಲೂ ಆಗ ಬರೀ ಕೆಂಪು ಸಿಹಿನೀರು. ಮಳೆ ನಿಂತು ಅಳಿವೆಯಲ್ಲಿ ಉಪ್ಪು ಏರಿದ ಮೇಲೆ, ಅಕ್ಟೋಬರಿನ ಹೊತ್ತಿಗೆ ಶುರುಮಾಡಿ.

ಸಸಿಹಿತ್ಲಿನಿಂದ

ಗೇಣುದ್ದದ್ದು ಸಿಕ್ಕಿದರೆ ಬಿಟ್ಟುಬಿಡಿ, ಅದರಲ್ಲಿ ಮಾಂಸಕ್ಕಿಂತ ತಲೆಯೇ ಹೆಚ್ಚು. ದೊಡ್ಡದನ್ನು ರವೆ ಹಚ್ಚಿ ಹುರಿಯಿರಿ. ತಲೆ ಎಸೆಯಬೇಡಿ, ಗಸಿಗೆ ಅದೇ ಚೆಂದ.