ಸಹಾಯ ಬೇಕು: ಕಾರಿನ ಲೆದರ್ ಸೀಟುಗಳಿಗೆಲ್ಲ ಒಂದೇ ಬಣ್ಣ ಬರಬೇಕು

ಎಲ್ಲರಿಗೂ ನಮಸ್ಕಾರ. ನಾನಿರೋದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಅಪ್ಪ 13 ವರ್ಷ ಓಡಿಸಿದ ಕಾರು ಈಗ ನನ್ನ ಕೈಗೆ ಬಂದಿದೆ. ಇಂಜಿನ್ ಗಟ್ಟಿಮುಟ್ಟಾಗಿದೆ. ತೊಂದರೆ ಇರೋದು ಒಳಗಡೆ.

ಸೀಟುಗಳು ಅಸಲಿ ಲೆದರ್. ಹಿಂದಿನ ಸೀಟು ಇನ್ನೂ ಕೆನೆ ಬಣ್ಣದಲ್ಲೇ ಇದೆ. ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಮಾತ್ರ, ಹತ್ತಿ ಇಳಿಯುವಾಗ ಪ್ಯಾಂಟು ಉಜ್ಜಿ ಉಜ್ಜಿ ಬೂದು ಬಣ್ಣಕ್ಕೆ ತಿರುಗಿತ್ತು. ಹೋದ ತಿಂಗಳು ಒಂದು ಅಂಗಡಿಯಲ್ಲಿ ಆ ಸೀಟಿಗಷ್ಟೇ ಬಣ್ಣ ಹಾಕಿಸಿದೆ. ನೆರಳಲ್ಲಿ ಸರಿಯಾಗಿ ಕಾಣುತ್ತಿತ್ತು. ಬಿಸಿಲಿಗೆ ತಂದರೆ ಹಳದಿ! ಮೂರೇ ವಾರಕ್ಕೆ ಹೊಲಿಗೆ ಹತ್ತಿರ ಸಿಪ್ಪೆ ಏಳುತ್ತಿದೆ. ಉಗುರು ತಾಗಿದರೆ ಸಾಕು, ಕಿತ್ತು ಬರುತ್ತೆ. ಹಳೇ ಪಾಲಿಶ್ ಜಿಡ್ಡಿನ ಮೇಲೇ ಬಣ್ಣ ಹೊಡೆದಿದ್ದಾರೆ ಅಂತ ನನಗನ್ನಿಸುತ್ತೆ.

ಮೊದಲು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಜಿಡ್ಡು ತೆಗೆದು, ನಯವಾದ ಸ್ಯಾಂಡ್ ಪೇಪರಿನಲ್ಲಿ ಹಗುರವಾಗಿ ಉಜ್ಜಬೇಕು. ಆಮೇಲೆ ವಾಟರ್ ಬೇಸ್ಡ್ ಬಣ್ಣ ತೆಳ್ಳಗೆ ಹಲವು ಸಲ, ಪ್ರತಿ ಸಲವೂ ಒಣಗಲು ಬಿಟ್ಟು. ಕೊನೆಗೆ ಕ್ಲಿಯರ್ ಕೋಟ್, ಅಂದರೆ ಬಣ್ಣ ಕಾಪಾಡೋ ಪಾರದರ್ಶಕ ಲೇಪ. ಇಷ್ಟನ್ನು ತಾಳ್ಮೆಯಿಂದ ಮಾಡುವವರು ಬೇಕು, ಅಷ್ಟೇ.

ಒಂದು ಸೀಟಿಗೆ ಹೊಂದಿಸೋದು ಬಿಟ್ಟು ಎಲ್ಲಕ್ಕೂ ಒಟ್ಟಿಗೆ ಬಣ್ಣ ಹಾಕಿಸೋದೇ ವಾಸಿ ಅಲ್ವಾ? ಬಾಗಿಲ ಪ್ಯಾಡು ರೆಕ್ಸಿನ್. ಅದಕ್ಕೂ ಅದೇ ಬಣ್ಣ ಹಿಡಿಯುತ್ತಾ? ಮಳೆಗಾಲ ಮುಗಿಯುವ ತನಕ ಕಾಯಲಾ?

ಸೀಟ್ ಕವರ್ ಹಾಕಿಬಿಡು ಅಂತ ಕೆಲವರು ಹೇಳಿದರು. ಮನಸ್ಸು ಬರುತ್ತಿಲ್ಲ. ಅಪ್ಪ ಪ್ರತಿ ಭಾನುವಾರ ಹಳೇ ಬನಿಯನ್ ಬಟ್ಟೆಯಲ್ಲಿ ಈ ಸೀಟುಗಳನ್ನು ಒರೆಸುತ್ತಿದ್ದರು.

ಠಾಣೆ, ಮುಲುಂಡ್, ಕಲ್ಯಾಣ ಕಡೆ ಮಾಡಿಸಿದವರಿದ್ದರೆ ದಯವಿಟ್ಟು ತಿಳಿಸಿ. ಬಿಸಿಲಲ್ಲಿ ತೆಗೆದ ಫೋಟೋ ಇದ್ದರೆ ಇನ್ನೂ ಒಳ್ಳೇದು.