ಮನೆ ಗಂಡನ ಹೆಸರಲ್ಲಿದೆ, ಡೈವೋರ್ಸ್ ಆದರೆ ನನಗೆ ಪಾಲು ಸಿಗುತ್ತಾ?

ಪ್ರಶ್ನೆ: ಮೇಡಂ, ನಾವಿಬ್ಬರೂ ಹಿಂದೂಗಳು, ಮದುವೆಯಾಗಿ 14 ವರ್ಷ. ಈಗ ಡೈವೋರ್ಸ್ ಮಾತು ಬಂದಿದೆ. ಮನೆಯ ಕ್ರಯಪತ್ರ ಗಂಡನ ಹೆಸರಲ್ಲಿದೆ. ಮೊದಲ 4 ವರ್ಷ ಲೋನ್ ಕಂತು ನನ್ನ ಸಂಬಳದಿಂದಲೇ ಹೋಗಿದೆ. ಆಮೇಲೆ ಮಕ್ಕಳಿಗೋಸ್ಕರ ಕೆಲಸ ಬಿಟ್ಟೆ. ಕೋರ್ಟ್ ಅರ್ಧ ಕೊಟ್ಟೇ ಕೊಡುತ್ತದೆ ಎನ್ನುತ್ತಾರೆ. ಹೌದಾ?

ವಕೀಲರ ಉತ್ತರ: ಇಲ್ಲಮ್ಮ, ನಮ್ಮಲ್ಲಿ ಹಾಗಿಲ್ಲ. ಕ್ಯಾಲಿಫೋರ್ನಿಯಾದಂಥ ಕಡೆ ಮದುವೆಯ ನಂತರ ದುಡಿದು ಮಾಡಿದ್ದು ಇಬ್ಬರದ್ದೂ, ಬೇರೆಯಾದರೆ ಸಮಪಾಲು. ಇಂಗ್ಲೆಂಡ್‌ನಲ್ಲಿ 2000ರ ಒಂದು ತೀರ್ಪು, ದುಡಿದು ತಂದವರಿಗೂ ಮನೆ ನೋಡಿಕೊಂಡವರಿಗೂ ಭೇದ ಮಾಡಬಾರದು ಎಂದಿತು. ನಮ್ಮಲ್ಲಿ ಗೋವಾದಂಥ ಒಂದೆರಡು ಕಡೆ ಬಿಟ್ಟರೆ ಅಂಥ ಕಾನೂನೇ ಇಲ್ಲ. ಆಸ್ತಿ ಯಾರ ಹೆಸರಲ್ಲಿದೆ, ಹಣ ಯಾರದ್ದು ಎಂದೇ ಕೋರ್ಟ್ ಕೇಳುತ್ತದೆ. ಮನೆಯಲ್ಲಿ ದುಡಿದ ಹತ್ತು ವರ್ಷಕ್ಕೆ ಆಸ್ತಿಯಲ್ಲಿ ಪಾಲಿಲ್ಲ ಎನ್ನುವುದು ನನ್ನ ಪ್ರಕಾರ ದೊಡ್ಡ ಅನ್ಯಾಯ.

ಆದರೆ ಕೈಚೆಲ್ಲಬೇಡಿ. ನೀವು ಕಟ್ಟಿದ ಕಂತಿನ ಆಧಾರದ ಮೇಲೆ ಫ್ಯಾಮಿಲಿ ಕೋರ್ಟ್‌ನಲ್ಲೇ ಮನೆಯ ಮೇಲೆ ಹಕ್ಕು ಕೇಳಬಹುದು. ಗೆಲ್ಲುವುದು ಖಚಿತ ಎಂದು ಹೇಳಲಾರೆ, ಎಲ್ಲಾ ದಾಖಲೆ ಮೇಲೆ ನಿಂತಿದೆ. ಆ 4 ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಈಗಲೇ ತೆಗೆಸಿ. ಕೆಲಸ ಬಿಟ್ಟಿದ್ದೂ ವ್ಯರ್ಥವಲ್ಲ, ಜೀವನಾಂಶ ನಿಗದಿ ಮಾಡುವಾಗ ಕೋರ್ಟ್ ಅದನ್ನು ನೋಡುತ್ತದೆ.

ಪ್ರಶ್ನೆ: ಅವರು ಆದಾಯ ಮುಚ್ಚಿಟ್ಟರೆ? ನನ್ನ ಒಡವೆಯೂ ಅತ್ತೆಯವರ ಬೀರುವಿನಲ್ಲಿದೆ.

ಉತ್ತರ: ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಹಾಕಲೇಬೇಕು. 2020ರಲ್ಲಿ ಸುಪ್ರೀಂ ಕೋರ್ಟ್ ಮಾಡಿದ ನಿಯಮ ಅದು. ಸುಳ್ಳು ಬರೆದರೆ ಅವರಿಗೇ ತೊಂದರೆ. ತವರಿನವರು, ಅತ್ತೆ ಮನೆಯವರು ನಿಮಗೆಂದು ಕೊಟ್ಟ ಒಡವೆ ಸ್ತ್ರೀಧನ. ಯಾರ ಬೀರುವಿನಲ್ಲಿದ್ದರೂ ಅದು ನಿಮ್ಮದೇ. ವಾಪಸ್ ಕೊಡದಿದ್ದರೆ ಕ್ರಿಮಿನಲ್ ಕೇಸೂ ಆಗುತ್ತದೆ ಎಂದು 1985ರಲ್ಲೇ ತೀರ್ಪು ಬಂದಿದೆ. ಮದುವೆ ಫೋಟೊ, ಚಿನ್ನದ ಬಿಲ್ ಎರಡನ್ನೂ ಹುಡುಕಿಡಿ. ಫೋಟೊದಲ್ಲಿ ಮೈಮೇಲಿರುವ ಒಡವೆ ಒಳ್ಳೆಯ ಸಾಕ್ಷಿ.

ಇನ್ನೊಬ್ಬ ಸದಸ್ಯರು: ಮೇಡಂ, ನಮ್ಮದು ಜಂಟಿ ಹೋಮ್ ಲೋನ್. ಡೈವೋರ್ಸ್ ಆದರೆ ನನ್ನ ಹೊಣೆ ಮುಗಿಯುತ್ತದೆ ಅಲ್ವಾ?

ಉತ್ತರ: ಮುಗಿಯುವುದಿಲ್ಲ ಸರ್. ಬ್ಯಾಂಕಿಗೆ ನಿಮ್ಮಿಬ್ಬರ ಸಹಿ ಮುಖ್ಯ, ನಿಮ್ಮ ಡೈವೋರ್ಸ್ ಅಲ್ಲ. ಒಪ್ಪಂದದ ಡೈವೋರ್ಸ್ ಆದರೆ ಸಾಲ ಯಾರು ಕಟ್ಟಬೇಕು, ಮನೆ ಯಾರ ಹೆಸರಿಗೆ ಹೋಗಬೇಕು ಎಂದು ಅದರಲ್ಲೇ ಬರೆಸಿ. ಆಮೇಲೆ ಬ್ಯಾಂಕಿಗೂ ಅರ್ಜಿ ಕೊಟ್ಟು ಸಾಲದಿಂದ ಹೆಸರು ತೆಗೆಸಬೇಕು. ಅವರು ಒಪ್ಪುವವರೆಗೆ ಕಂತು ತಪ್ಪಿದರೆ ನಿಮಗೂ ನೋಟಿಸ್ ಬರುತ್ತದೆ.