ಅಪ್‌ಡೇಟ್: ಟೈಗರ್ ಮಾತ್ ಈಗ ಹೇಳಿದ ಕಡೆ ತಿರುಗುತ್ತದೆ

ಮಳೆಗಾಲಕ್ಕೆ ಮೊದಲು ಕೇಳಿದ್ದೆ: ರೇಡಿಯೋದಲ್ಲಿ ಹಾರಿಸುವ ನನ್ನ ಮಾದರಿ ವಿಮಾನ, ಮೇಲೊಂದು ಕೆಳಗೊಂದು ರೆಕ್ಕೆಯ ಹಳೆಯ ಟೈಗರ್ ಮಾತ್ ವಿಮಾನದ ನಾಲ್ಕನೇ ಒಂದು ಅಳತೆಯದು, ರೆಕ್ಕೆ ತುದಿಯಿಂದ ತುದಿಗೆ ಸುಮಾರು 2.2 ಮೀಟರ್. ಎಡಕ್ಕೆ ವಾಲಿಸಿದರೆ ಮೂಗು ಬಲಕ್ಕೆ ಹೋಗುತ್ತದೆ, ಯಾಕೆ ಅಂತ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ನೀವು ಹೇಳಿದ್ದೇ ಸರಿ. ಮೇಲೇಳುವ ರೆಕ್ಕೆಯ ಏಲರಾನ್ (ವಿಮಾನ ವಾಲಿಸಲು ರೆಕ್ಕೆಯ ಹಿಂಬದಿಯಲ್ಲಿರುವ ಪಟ್ಟಿ) ಕೆಳಗಿಳಿದಾಗ ಗಾಳಿಯ ಎಳೆತ ಆ ಬದಿಗೇ ಹೆಚ್ಚು. ಮೂಗನ್ನು ಅತ್ತಲೇ ಎಳೆಯುತ್ತದೆ. ಅಸಲಿ ವಿಮಾನದಲ್ಲಿ ಏಲರಾನ್ ಇರುವುದು ಕೆಳಗಿನ ರೆಕ್ಕೆಗೆ ಮಾತ್ರ, ಅದೂ ಮೇಲೆ ಚೆನ್ನಾಗಿ ಏಳುತ್ತದೆ, ಕೆಳಗೆ ಇಳಿಯುವುದು ತೀರಾ ಕಡಿಮೆ. ಎರಡು ಬದಿಗೂ ಬೇರೆ ಬೇರೆ ಸರ್ವೋ (ಪಟ್ಟಿಯನ್ನು ಆಡಿಸುವ ಪುಟ್ಟ ಮೋಟರ್) ಇದ್ದುದರಿಂದ ರೇಡಿಯೋದಲ್ಲೇ ಹಾಗೆ ಸೆಟ್ ಮಾಡಿದೆ. ಅರ್ಧ ಕಾಯಿಲೆ ಅಲ್ಲೇ ಹೋಯ್ತು ಮಾರಾಯ್ರೆ! ಉಳಿದರ್ಧಕ್ಕೆ ರಡ್ಡರ್, ಅಂದರೆ ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ. ಮಿಕ್ಸ್ ಹಾಕಿ, ಏಲರಾನ್ ಜೊತೆ ರಡ್ಡರ್ ತಾನಾಗೇ ತಿರುಗಲಿ ಎಂದವರ ಮಾತು ಕೇಳಲಿಲ್ಲ, ಕ್ಷಮಿಸಿ. ಅಡ್ಡಗಾಳಿಯಲ್ಲಿ ಇಳಿಸುವಾಗ ಏಲರಾನ್ ಒಂದು ಕಡೆ, ರಡ್ಡರ್ ಇನ್ನೊಂದು ಕಡೆ ಬೇಕಾಗುತ್ತದೆ. ಆಗ ಮಿಕ್ಸ್ ಅಡ್ಡ ಬರುತ್ತದೆ. ಹೆಬ್ಬೆರಳಿಗೇ ಅಭ್ಯಾಸ ಮಾಡಿಸಿದೆ.

ಮೂಗು ಗಿಡ್ಡ, ಹಾಗಾಗಿ ಬ್ಯಾಟರಿ ಮುಂದೆ ತಳ್ಳಿದರೂ ತೂಕ ಸರಿದೂಗಿಸಲು ಮೂಗಿಗೆ ಸೀಸ ಬೇಕೇ ಬೇಕು.

ಜಾಗ ಕೇಳಿದ್ದವರಿಗೆ: ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ತಾಪತ್ರಯ ಬೇಡವೆಂದು ಉಡುಪಿ ಕಡೆಯ ಕೊಯ್ಲಾದ ಗದ್ದೆಯಲ್ಲಿ, ಮಾಲೀಕರನ್ನು ಕೇಳಿಯೇ ಹಾರಿಸುವುದು. ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಕೊಳ್ಳಿ. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ, ನಿಲ್ದಾಣದಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿ ಮಾತ್ರ. ಬೆಳಿಗ್ಗೆಯೇ ಮುಗಿಸಿ, ಕಡಲ ಗಾಳಿ ಎದ್ದರೆ ಇಷ್ಟು ರೆಕ್ಕೆಯ ವಿಮಾನ ನೆಲಕ್ಕೆ ಇಳಿಯಲು ಒಪ್ಪುವುದಿಲ್ಲ.

ಮಳೆಯ ತೇವಕ್ಕೆ ರೆಕ್ಕೆಯ ಹೊದಿಕೆ ಸಡಿಲಾಗಿದೆ. ಬಿಸಿ ಇಸ್ತ್ರಿ ಹಾಕಿ ಬಿಗಿ ಮಾಡಿದರೆ ಸಾಕೇ, ಹೊಸದೇ ಹಾಕಬೇಕೇ?